ಬಡ್ಡಿ ಎಲ್ಲಿಂದ ಬರುತ್ತದೆ? ಹಣಕಾಸಿನ ಪದವಿಗೆ ಹೊರಟವರೊಡನೆ ಒಂದಿಷ್ಟು ಮಾತು



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ತಾಯಂದಿರ ನಡುವೆ ಒಂದೇ ವಿಷಯ. ಯಾರ ಮಗ ಎಲ್ಲಿಗೆ, ಯಾರ ಮಗಳು ಏನಕ್ಕೆ. ಹಿಂದೆಲ್ಲ ಇಂಜಿನಿಯರಿಂಗ್, ಮೆಡಿಕಲ್ ಎಂಬ ಎರಡೇ ಶಬ್ದ ಕೇಳುತ್ತಿತ್ತು. ಈಗ ಮೂರನೆಯದೊಂದು ಸೇರಿಕೊಂಡಿದೆ: "ನಮ್ಮವನು ಫೈನಾನ್ಸ್ ತೆಗೆದುಕೊಳ್ಳುತ್ತಾನಂತೆ." ಪಕ್ಕದಲ್ಲೇ ಫೋನು ನೋಡುತ್ತ ನಿಂತಿದ್ದ ಹುಡುಗನನ್ನು, "ಯಾಕಪ್ಪ ಫೈನಾನ್ಸ್?" ಎಂದು ಕೇಳಿದೆ. "ಒಳ್ಳೆ ಪ್ಯಾಕೇಜ್ ಇದೆ ಆಂಟಿ" ಎಂದ. ಆಮೇಲೆ ಕೇಳಿದ ಇನ್ನಿಬ್ಬರ ಉತ್ತರವೂ ಅದೇ.

ಪ್ಯಾಕೇಜ್ ಬೇಡವೆಂದು ಹೇಳುವಷ್ಟು ವೈರಾಗ್ಯ ನನಗಿಲ್ಲ. ಮುಂಬಯಿಯಲ್ಲಿ ಮನೆ ನಡೆಸುವವಳು ನಾನು. ಆದರೆ ಈ ಪದವಿಯಿಂದ ಸಂಬಳಕ್ಕಿಂತ ಮೊದಲೇ ಕೈಸೇರುವ ಒಂದು ಲಾಭ ಇದೆ. ಅದರ ಬಗ್ಗೆ ಯಾರೂ ನಿಮಗೆ ಹೇಳುವುದಿಲ್ಲ. ಅದಿಲ್ಲದೆ ನಮ್ಮ ಮನೆ ಏನು ಕಳೆದುಕೊಂಡಿತು ಎಂದು ಮೊದಲು ಹೇಳಿಬಿಡುತ್ತೇನೆ.

ಒಂದು ಅರ್ಜಿಯ ಕಥೆ

ನನ್ನ ಮಾವನವರು ಹನ್ನೆರಡನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೊಟೇಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಫೋರ್ಟಿನ ಒಂದು ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕುಳಿತವರು. ರಾತ್ರಿ ಬಾಗಿಲು ಹಾಕುವಾಗ ಅವರ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆಯಾದದ್ದು ಯಾರಿಗೂ ಗೊತ್ತಿಲ್ಲ. ಊರಿನ ಹಳೆಯ ಮನೆಗೆ ಹೆಂಚು ತೆಗೆದು ತಾರಸಿ ಹಾಕಿಸಬೇಕೆಂದು 80 ಸಾವಿರ ರೂಪಾಯಿ ಕೂಡಿಟ್ಟಿದ್ದರು.

1996ರಲ್ಲಿ ಪರಿಚಯದವರೊಬ್ಬರು ಒಂದು ಖಾಸಗಿ ಹಣಕಾಸು ಕಂಪನಿಯ ಅರ್ಜಿ ತಂದುಕೊಟ್ಟರು. ಬ್ಯಾಂಕಿನಲ್ಲಿ ಆಗ ಶೇ. 12ರ ಆಸುಪಾಸಿನಲ್ಲಿ ಬಡ್ಡಿ. ಈ ಕಂಪನಿ ಶೇ. 18 ಕೊಡುತ್ತದೆ, ಪ್ರತಿ ತಿಂಗಳೂ ಚೆಕ್ಕು ಮನೆಗೇ ಬರುತ್ತದೆ ಎಂದರು. ಅರ್ಜಿ ಇಂಗ್ಲಿಷಿನಲ್ಲಿತ್ತು. ಮಾವನವರು ನನ್ನನ್ನು ಕರೆದು, "ನೀನು ಬಿ.ಎ. ಇಂಗ್ಲಿಷ್ ಓದಿದವಳಲ್ಲವಾ, ಏನಿದೆ ಓದಿ ಹೇಳಮ್ಮ" ಎಂದರು. ಮದುವೆಯಾಗಿ ಬಂದ ಹೊಸತು. ಓದಿದ ಸೊಸೆ ಎನ್ನಿಸಿಕೊಳ್ಳುವ ಆಸೆ ನನಗೂ ಇತ್ತು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಹಿಂಬದಿಯ ಸಣ್ಣ ಅಕ್ಷರಗಳ ನಡುವೆ 'ಅನ್‌ಸೆಕ್ಯೂರ್ಡ್' ಎಂಬ ಶಬ್ದ ಬಂತು. "ಭದ್ರತೆ ಇಲ್ಲದ ಠೇವಣಿ ಅಂತ ಬರೆದಿದ್ದಾರೆ ಮಾವ" ಎಂದೆ. "ಅದೆಲ್ಲ ಕಂಪನಿಯವರ ಭಾಷೆ ಮಾರಾಯ್ತಿ, ಹಾಗೇ ಇರ್ತದೆ" ಎಂದರು ಅವರು. ನಾನೂ ಹೌದೆಂದು ತಲೆಯಾಡಿಸಿದೆ. ಅವರು ಸಹಿ ಹಾಕಿದರು.

ತಿಂಗಳಿಗೆ 1,200 ರೂಪಾಯಿಯ ಚೆಕ್ಕು ಹದಿನಾಲ್ಕು ತಿಂಗಳು ಬಂತು. ಹದಿನೈದನೆಯದು ಬ್ಯಾಂಕಿನಿಂದ ಹಿಂದಕ್ಕೆ ಬಂತು. ಹದಿನಾರನೆಯದು ಬರಲೇ ಇಲ್ಲ. ಮಾವನವರು ಕಂಪನಿಯ ಕಚೇರಿಗೆ ಹೋದಾಗ ಶಟರಿಗೆ ಬೀಗ, ಹೊರಗೆ ಅವರಂತೆಯೇ ಚೀಲ ಹಿಡಿದು ನಿಂತ ನೂರಾರು ಜನ. ಅಸಲು ಇವತ್ತಿಗೂ ಬಂದಿಲ್ಲ. ಊರಿನ ಮನೆಯ ಹೆಂಚು ಹಾಗೆಯೇ ಉಳಿಯಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಆ ಅರ್ಜಿಯಲ್ಲಿ ನನಗೆ ಅರ್ಥ ಗೊತ್ತಿಲ್ಲದ ಒಂದೇ ಒಂದು ಶಬ್ದವೂ ಇರಲಿಲ್ಲ. ಆದರೂ ನನಗೆ ಅದು ಅರ್ಥವಾಗಿರಲಿಲ್ಲ. ಬ್ಯಾಂಕು 12 ಕೊಡುವಾಗ ಇವರು 18 ಕೊಡುತ್ತಾರೆಂದರೆ ಆ ಹಣವನ್ನು ಎಲ್ಲಿ ಹಾಕಿ, ಯಾರಿಂದ 20ಕ್ಕಿಂತ ಹೆಚ್ಚು ವಸೂಲಿ ಮಾಡುತ್ತಾರೆ? ಈ ಬಡ್ಡಿ ಎಲ್ಲಿಂದ ಬರುತ್ತದೆ? ಹೊಸದಾಗಿ ಬಂದವರ ಅಸಲನ್ನೇ ಹಳಬರಿಗೆ ಬಡ್ಡಿಯೆಂದು ಹಂಚುತ್ತಿದ್ದಾರೆಯೇ? ಗಲ್ಲೆಯಲ್ಲಿ ಕುಳಿತು ನೋಟು ಎಣಿಸಿದವರಿಗೂ, ಶೇಕ್ಸ್‌ಪಿಯರ್ ಓದಿದವಳಿಗೂ ಈ ಪ್ರಶ್ನೆ ಹೊಳೆಯಲಿಲ್ಲ. ಮಿತ್ರರೇ, ಹಣಕಾಸಿನ ಪದವಿಯಲ್ಲಿ ಮೂರು ವರ್ಷ ಕಲಿಸುವುದು ಮುಖ್ಯವಾಗಿ ಈ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನೇ.

ಯಾವ ಪದವಿ, ಯಾವ ದಾರಿ?

ನನಗೆ ಇದೆಲ್ಲ ತಿಳಿದದ್ದು ಮಗಳು ಓದಲು ಹೊರಟ ಮೇಲೆ. ಅವಳ ಪುಸ್ತಕಗಳನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ನಾನೂ ಓದಿದೆ. ಹಾಗಾಗಿ ತಿಳಿದಷ್ಟು ಹೇಳುತ್ತೇನೆ.

ಮುಂಬಯಿಯಲ್ಲಿ ವಾಣಿಜ್ಯ ಶಿಕ್ಷಣಕ್ಕೆ ದೊಡ್ಡ ಪರಂಪರೆ ಇದೆ. ಸಿಡನ್‌ಹ್ಯಾಮ್ ಕಾಲೇಜು ಆರಂಭವಾದದ್ದು 1913ರಲ್ಲಿ. ನಮ್ಮವರು ತುಂಬಿಕೊಂಡಿರುವ ಮಾಟುಂಗದಲ್ಲಿ ಪೋದಾರ್ ಕಾಲೇಜು 1941ರಲ್ಲಿ ಬಂತು. ಮುಂಬಯಿ ವಿಶ್ವವಿದ್ಯಾಲಯದ ಸಾಮಾನ್ಯ ಬಿ.ಕಾಂ. ಎಲ್ಲರಿಗೂ ಗೊತ್ತು. ಅದರ ಜೊತೆಗೆ ವಿಶೇಷ ಪದವಿಗಳಿವೆ. ಅಕೌಂಟಿಂಗ್ ಆಂಡ್ ಫೈನಾನ್ಸ್ ಎಂಬುದರಲ್ಲಿ ಲೆಕ್ಕಪತ್ರ, ವೆಚ್ಚದ ಲೆಕ್ಕ, ಆಡಿಟ್, ತೆರಿಗೆ ಹೆಚ್ಚು. ಫೈನಾನ್ಶಿಯಲ್ ಮಾರ್ಕೆಟ್ಸ್ ಎಂಬುದರಲ್ಲಿ ಶೇರು, ಸಾಲಪತ್ರ, ಮ್ಯೂಚುವಲ್ ಫಂಡ್‌ಗಳ ಪೇಟೆಯ ಅಭ್ಯಾಸ. ಬ್ಯಾಂಕಿಂಗ್ ಆಂಡ್ ಇನ್ಶೂರೆನ್ಸ್ ಎಂಬುದು ಹೆಸರೇ ಹೇಳುವಂತೆ ಬ್ಯಾಂಕು ಮತ್ತು ವಿಮೆಗೆ ಸಂಬಂಧಿಸಿದ್ದು. ಮ್ಯಾನೇಜ್‌ಮೆಂಟ್ ಪದವಿಗೆ ಸೇರಿ ಅದರೊಳಗೆ ಫೈನಾನ್ಸನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳುವವರೂ ಇದ್ದಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಮೂರು ವರ್ಷಕ್ಕೆ ಪದವಿ, ನಾಲ್ಕನೆಯ ವರ್ಷವೂ ಓದಿದರೆ ಆನರ್ಸ್ ಎಂಬ ವ್ಯವಸ್ಥೆ ಬಂದಿದೆ. ಕೆಲವು ಪದವಿಗಳ ಹೆಸರೂ ಬದಲಾಗಿದೆ. ಮಹಾರಾಷ್ಟ್ರದಲ್ಲಿ ಮ್ಯಾನೇಜ್‌ಮೆಂಟ್ ಪದವಿಗಳಿಗೆ 2024ರಿಂದ ಪ್ರವೇಶ ಪರೀಕ್ಷೆ ಆರಂಭವಾಯಿತು. ಆದ್ದರಿಂದ ಅಕ್ಕ ಓದಿದಾಗ ಹೀಗಿತ್ತು, ಅಣ್ಣ ಓದಿದಾಗ ಹಾಗಿತ್ತು ಎಂದು ನಂಬಿ ಕೂರಬೇಡಿ. ಕಾಲೇಜಿಗೆ ಹೋಗಿ ಆ ವರ್ಷದ ಪಠ್ಯಕ್ರಮವನ್ನೇ ಕೇಳಿ ತೆಗೆದುಕೊಳ್ಳಿ. ಹೆಸರು ಆಕರ್ಷಕವಾಗಿದೆಯೆಂದು ಸೇರಬೇಡಿ, ಒಳಗೆ ಯಾವ ವಿಷಯಗಳಿವೆ ಎಂದು ಓದಿ ಸೇರಿ. ಅರ್ಜಿಯ ಹಿಂಬದಿ ಓದುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ!

ಸಿ.ಎ. ಎಂಬುದು ಇದರಿಂದ ಬೇರೆ ದಾರಿ. ಅದು ವಿಶ್ವವಿದ್ಯಾಲಯದ ಪದವಿಯಲ್ಲ. 1949ರಲ್ಲಿ ಸಂಸತ್ತಿನ ಕಾನೂನಿನಿಂದ ಹುಟ್ಟಿದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ನಡೆಸುವ ಪರೀಕ್ಷೆ. ಎರಡನ್ನೂ ಜೊತೆಜೊತೆಗೆ ಓದುವವರು ಬಹಳ. 2023ರ ಹೊಸ ಪದ್ಧತಿಯಲ್ಲಿ ಸಿ.ಎ.ಯ ಕಡ್ಡಾಯ ತರಬೇತಿಯನ್ನು ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿಸಿದ್ದಾರೆ. ಆದರೂ ಅದು ಕಠಿಣವೇ. ಒಂದೆರಡು ಸಲ ಪಾಸಾಗದೆ ಹೋದ ಮಕ್ಕಳು ಮನೆಯಲ್ಲಿ ಬಾಯಿ ಬಿಡದೆ ಕೂರುವುದನ್ನು ನೋಡಿದ್ದೇನೆ. ಕೈಯಲ್ಲಿ ಪದವಿ ಇದ್ದರೆ ಆ ಕಾಲದಲ್ಲಿ ಒಂದು ಊರುಗೋಲು.

ಮೂರು ವರ್ಷದಲ್ಲಿ ಕಲಿಯುವುದೇನು?

ಮೊದಲ ವರ್ಷದಲ್ಲಿ ಜೋಡಿ ನಮೂದಿನ ಲೆಕ್ಕ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು. ಹೊಟೇಲಿಗೆ 40 ಸಾವಿರದ ಗ್ರೈಂಡರ್ ತಂದರೆ ನಗದು ಅಷ್ಟು ಕಡಿಮೆಯಾಯಿತು, ಯಂತ್ರದ ಆಸ್ತಿ ಅಷ್ಟು ಹೆಚ್ಚಾಯಿತು. ಎರಡೂ ಕಡೆ ಸಮವಾಗದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ಇಟಲಿಯ ವೆನಿಸ್ಸಿನ ವ್ಯಾಪಾರಿಗಳು ಇಡುತ್ತಿದ್ದ ಈ ಲೆಕ್ಕದ ಕ್ರಮವನ್ನು ಲೂಕಾ ಪಚೋಲಿ ಎಂಬ ಸನ್ಯಾಸಿ 1494ರಲ್ಲಿ ತನ್ನ ಗಣಿತದ ಗ್ರಂಥದಲ್ಲಿ ವಿವರಿಸಿ ಅಚ್ಚು ಹಾಕಿಸಿದ. ಐನೂರು ವರ್ಷಗಳ ಮೇಲೂ ನೀವು ಕಂಪ್ಯೂಟರಿನಲ್ಲಿ ಮಾಡುವುದು ಅದನ್ನೇ.

ವೆನಿಸ್ ಎಂದ ಕೂಡಲೇ ನನಗೆ ನನ್ನ ಪಠ್ಯ ನೆನಪಾಗುತ್ತದೆ. ಬಿ.ಎ.ಯಲ್ಲಿ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕ ಓದಿ, ಕರುಣೆಯ ಬಗ್ಗೆ ಹತ್ತು ಅಂಕದ ಪ್ರಬಂಧ ಬರೆದವಳು ನಾನು. ಮಗಳಿಗೆ ಅದರ ಕಥೆ ಹೇಳಿದಾಗ ಅವಳು ಬೇರೆಯೇ ಒಂದನ್ನು ಕಂಡಳು. "ಅಮ್ಮ, ಆಂಟೋನಿಯೋ ತನ್ನ ಸರಕನ್ನೆಲ್ಲ ಒಂದೇ ಹಡಗಿನಲ್ಲಿ ಇಟ್ಟಿರಲಿಲ್ಲ, ಅದು ಜಾಣತನ. ಆದರೆ ಎಲ್ಲವೂ ಸಮುದ್ರದ ಮೇಲಿತ್ತು, ಕೈಯಲ್ಲಿ ನಗದು ಇರಲಿಲ್ಲ, ಅದು ತಪ್ಪು. ಪೋರ್ಷಿಯಾ ಗೆದ್ದದ್ದು ಸಾಲಪತ್ರವನ್ನು ಸರಿಯಾಗಿ ಓದಿದ್ದರಿಂದ" ಎಂದಳು. ನಮ್ಮ ಪ್ರಾಧ್ಯಾಪಕರು ಹೇಳದ ವ್ಯಾಖ್ಯಾನ! ಹಣವನ್ನು ಹಂಚಿ ಇಡುವುದು, ಬೇಕಾದಾಗ ಕೈಗೆ ಸಿಗುವಂತೆ ಇಡುವುದು, ಇವೆರಡೂ ನಿಮ್ಮ ಪಾಠದ ದೊಡ್ಡ ಅಧ್ಯಾಯಗಳು.

ಇನ್ನೊಂದು ಅಧ್ಯಾಯ ಹಣಕ್ಕೂ ಕಾಲಕ್ಕೂ ಇರುವ ಸಂಬಂಧ. ಇವತ್ತಿನ ನೂರು ರೂಪಾಯಿಯೂ ಹತ್ತು ವರ್ಷದ ನಂತರದ ನೂರು ರೂಪಾಯಿಯೂ ಒಂದೇ ಅಲ್ಲ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾದ ವರ್ಷಗಳು ಸುಮಾರಾಗಿ ಸಿಗುತ್ತವೆ. ಚಕ್ರಬಡ್ಡಿ ಶೇ. 8 ಆದರೆ 9 ವರ್ಷ. ಅದೇ ಸೂತ್ರ ಬೆಲೆಯೇರಿಕೆಗೂ ಸಲ್ಲುತ್ತದೆ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ಎಲ್ಲದರ ಬೆಲೆ ಇಮ್ಮಡಿ. ಕಪಾಟಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟ ನೋಟು ಯಾರೂ ಕದಿಯದೆಯೂ ಅರ್ಧವಾಗುವುದು ಹೀಗೆ. ಇದನ್ನು ನಮಗೆ ಯಾರಾದರೂ ಹದಿನೆಂಟರಲ್ಲೇ ಹೇಳಬೇಕಿತ್ತು.

ಮನೆಯಲ್ಲೇ ಇರುವ ಪ್ರಯೋಗಶಾಲೆ

ವಿಜ್ಞಾನ ಓದುವವರಿಗೆ ಪ್ರಯೋಗಶಾಲೆ ಕಾಲೇಜಿನಲ್ಲಿದ್ದರೆ ನಿಮ್ಮದು ಮನೆಯ ಕಪಾಟಿನಲ್ಲಿದೆ. ಎರಡು ಉದಾಹರಣೆ ಕೊಡುತ್ತೇನೆ. ಪೆನ್ಸಿಲ್ ತೆಗೆದುಕೊಳ್ಳಿ.

ಮೊದಲನೆಯದು. ನಿಮ್ಮ ಚಿಕ್ಕಪ್ಪ ಹೊಟೇಲಿಗೆ ದೊಡ್ಡ ಫ್ರಿಜ್ ತರಲು 1 ಲಕ್ಷ ರೂಪಾಯಿ ಸಾಲ ಮಾಡುತ್ತಾರೆ. ಸಾಲ ಕೊಡುವವನು, "ಬರೇ ಶೇ. 12, ಫ್ಲ್ಯಾಟ್" ಎನ್ನುತ್ತಾನೆ. ಎರಡು ವರ್ಷಕ್ಕೆ ಬಡ್ಡಿ 24 ಸಾವಿರ. ಒಟ್ಟು 1,24,000ವನ್ನು 24 ಕಂತು ಮಾಡಿದರೆ ತಿಂಗಳಿಗೆ ಸುಮಾರು 5,167 ರೂಪಾಯಿ. ಸರಿಯಾಗಿಯೇ ಇದೆಯಲ್ಲ ಅನ್ನಿಸುತ್ತದೆ. ಆದರೆ ಚಿಕ್ಕಪ್ಪ ಪ್ರತಿ ತಿಂಗಳೂ ಅಸಲನ್ನೂ ತೀರಿಸುತ್ತಿದ್ದಾರೆ. ಒಂದು ವರ್ಷದ ಮೇಲೆ ಅವರ ಕೈಯಲ್ಲಿ ಉಳಿದಿರುವುದು ಸುಮಾರು ಅರ್ಧ ಸಾಲ, ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆ! ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ವರ್ಷಕ್ಕೆ ಶೇ. 21.6ರ ಹತ್ತಿರ ಬರುತ್ತದೆ. ಹನ್ನೆರಡು ಎಂದು ಹೇಳಿ ಇಪ್ಪತ್ತೊಂದು ತೆಗೆದುಕೊಂಡ ಹಾಗಾಯಿತು. ಅವನು ಸುಳ್ಳು ಹೇಳಿಲ್ಲ, ಚಿಕ್ಕಪ್ಪ ಪ್ರಶ್ನೆ ಕೇಳಿಲ್ಲ, ಅಷ್ಟೇ.

ಎರಡನೆಯದು ನಮ್ಮ ಮನೆಯಲ್ಲೇ ನಡೆದದ್ದು. ಒಂದು ಸಂಜೆ ವಿಮೆಯ ಏಜೆಂಟರೊಬ್ಬರು ಬಂದರು. ಸಜ್ಜನರು. ವರ್ಷಕ್ಕೆ 50 ಸಾವಿರದಂತೆ 20 ವರ್ಷ ಕಟ್ಟಿದರೆ ಕಟ್ಟುವುದು 10 ಲಕ್ಷ, ಕೊನೆಗೆ ಕೈಗೆ ಬರುವುದು 18 ಲಕ್ಷ, "ಎಂಟು ಲಕ್ಷ ಲಾಭ ಸರ್" ಎಂದರು. ಯಜಮಾನರು ಪೆನ್ನು ತೆಗೆದಿದ್ದರು. ಆಗ ಎರಡನೆಯ ವರ್ಷದಲ್ಲಿದ್ದ ಮಗಳು, "ಅಪ್ಪ, ಎರಡು ನಿಮಿಷ" ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಳು. ಪ್ರತಿ ವರ್ಷದ ಆರಂಭದಲ್ಲಿ ಕಟ್ಟುವ ಹಣ ಎಷ್ಟೆಷ್ಟು ವರ್ಷ ಅವರ ಬಳಿ ಇರುತ್ತದೆ ಎಂದು ನೋಡಿದರೆ ಸಿಗುವ ಬಡ್ಡಿ ವರ್ಷಕ್ಕೆ ಶೇ. 5ಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. "ಇದರಲ್ಲಿ ಜೀವವಿಮೆಯ ರಕ್ಷಣೆಯೂ ಸೇರಿದೆ, ಅದಕ್ಕೂ ಬೆಲೆ ಇದೆ. ರಕ್ಷಣೆಗೆ ಬರೇ ಟರ್ಮ್ ಪಾಲಿಸಿ ತೆಗೆದುಕೊಂಡು ಉಳಿದದ್ದನ್ನು ಬೇರೆ ಕಡೆ ಇಟ್ಟರೆ ಎಷ್ಟಾಗುತ್ತದೆ, ಅದನ್ನೂ ನೋಡಿ ಆಮೇಲೆ ನಿರ್ಧಾರ ಮಾಡೋಣ" ಎಂದಳು. ಏಜೆಂಟರಿಗೆ ಕಾಫಿ ಕೊಟ್ಟು ಕಳಿಸಿದೆವು. ಯಾರಿಗೂ ಬೇಸರವಾಗಲಿಲ್ಲ.

ಅವಳು ಅಷ್ಟು ಹೊತ್ತು ಮಾತಾಡುವಾಗ ನನಗೆ ಕಂಡದ್ದು 1996ರ ಆ ಅರ್ಜಿ. ಅವತ್ತು ಮಾವನವರ ಪಕ್ಕ ನನ್ನ ಬದಲು ಈ ಹುಡುಗಿ ಕೂತಿದ್ದರೆ ಎಂದುಕೊಂಡೆ.

ನಮ್ಮ ಊರಿನ ಹಿರಿಯರು ಬರೆದ ಪಾಠ

ಫೈನಾನ್ಸ್ ಎಂದರೆ ನಮಗೆ ಸಂಬಂಧವಿಲ್ಲದ, ದಲಾಲ್ ಸ್ಟ್ರೀಟಿನ ಗುಜರಾತಿಗಳ ವಿದ್ಯೆ ಎಂದು ನಿಮ್ಮಲ್ಲಿ ಕೆಲವರು ತಿಳಿದಿರಬಹುದು. ಮುಂಬಯಿ ಶೇರುಪೇಟೆ 1875ರಷ್ಟು ಹಳೆಯದು, ನಿಜ. ಆದರೆ ನಿಮ್ಮ ಅಜ್ಜ ಅಜ್ಜಿಯರ ಊರಿನ ಕಡೆಗೂ ಒಮ್ಮೆ ನೋಡಿ. 1906ರಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ 8 ಸಾವಿರ ರೂಪಾಯಿಯ ಬಂಡವಾಳದಿಂದ ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕಾಯಿತು. 1931ರಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್ ಹುಟ್ಟಿತು. ಒಂದೇ ಜಿಲ್ಲೆಯಿಂದ ಇಷ್ಟು ಬ್ಯಾಂಕುಗಳು!

ಇವುಗಳಲ್ಲಿ ಕೆಲವು ಹೆಸರು ಈಗಿಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಆದರೆ ಅವು ಕಲಿಸಿದ ಪಾಠ ಹಳೆಯದಾಗಿಲ್ಲ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಎಂಬ ಯೋಜನೆ ತಂದರು. ಏಜೆಂಟನು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ಪುಸ್ತಕದಲ್ಲಿ ಬರೆದುಕೊಟ್ಟು ಬರುತ್ತಿದ್ದ. ಮೀನು ಮಾರುವವಳೂ ನೇಕಾರನೂ ಬ್ಯಾಂಕಿನ ಗಿರಾಕಿಯಾದರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಅವರು ಲೆಕ್ಕದ ಪುಸ್ತಕಕ್ಕೆ ಇಳಿಸಿದರು. ಆ ಹಳ್ಳದ ನೀರು ಸಾಲದ ರೂಪದಲ್ಲಿ ಇನ್ನೊಬ್ಬರ ಅಂಗಡಿಗೆ, ಮಗ್ಗಕ್ಕೆ ಹರಿಯಿತು. ಆ ಅಂಗಡಿಯವನು ದುಡಿದು ಕಟ್ಟಿದ ಬಡ್ಡಿಯ ಒಂದು ಭಾಗ ಮೀನು ಮಾರುವವಳ ಪುಸ್ತಕಕ್ಕೆ ಬಂತು. ಬಡ್ಡಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅಲ್ಲಿ ಸ್ಪಷ್ಟವಾದ ಉತ್ತರ ಇತ್ತು.

ನಮ್ಮ ಮಹಿಳೆಯರು ನಡೆಸುವ ಚೀಟಿ, ಇಲ್ಲಿಯವರು ಭಿಶಿ ಎನ್ನುತ್ತಾರಲ್ಲ, ಅದೂ ಈ ವಿದ್ಯೆಯ ತಂಗಿಯೇ. ಅಲ್ಲಿ ಕಾಗದ ಪತ್ರ ಇಲ್ಲ. ಒಬ್ಬರನ್ನೊಬ್ಬರು ಬಲ್ಲೆವೆಂಬ ಧೈರ್ಯವೇ ಭದ್ರತೆ. ಇಂಗ್ಲಿಷಿನ 'ಕ್ರೆಡಿಟ್' ಎಂಬ ಶಬ್ದದ ಲ್ಯಾಟಿನ್ ಮೂಲಕ್ಕೂ ನಂಬುವುದು ಎಂದೇ ಅರ್ಥ. ನಾಳೆ ನೀವು ಬ್ಯಾಂಕಿನಲ್ಲೋ ಮ್ಯೂಚುವಲ್ ಫಂಡಿನಲ್ಲೋ ಕೂತಾಗ ಪರದೆಯ ಮೇಲೆ ಕಾಣುವ ಅಂಕಿಗಳ ಹಿಂದೆ ಯಾರದೋ ತಾರಸಿ ಮನೆಯ ಕನಸು ಇರುತ್ತದೆ ಎಂಬುದನ್ನು ಮರೆಯಬೇಡಿ.

ಬೇಗ ಹಣ ಮಾಡುವ ಹುಚ್ಚು

ಫೋನಿನಲ್ಲಿ ಬೆರಳಾಡಿಸಿ ಒಂದೇ ದಿನದಲ್ಲಿ ಲಕ್ಷ ಗಳಿಸಿದೆನೆಂದು ಹೇಳುವ ವಿಡಿಯೋಗಳನ್ನು ನೀವು ನನಗಿಂತ ಹೆಚ್ಚು ನೋಡಿದ್ದೀರಿ. ಪದವಿಗೆ ಸೇರಿದ ಮೊದಲ ವರ್ಷವೇ ಕಾಲೇಜಿನ ಕ್ಯಾಂಟೀನಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಎಂಬ ಮಾತು ಕೇಳುತ್ತದೆ. ಶೇರುಪೇಟೆಯನ್ನು ನಿಯಂತ್ರಿಸುವ ಸೆಬಿ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ಹೀಗೆನ್ನುತ್ತದೆ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ವಿಡಿಯೋ ಮಾಡುವುದು ಉಳಿದ ಏಳು ಮಂದಿಯೋ, ಅಥವಾ ವಿಡಿಯೋದಿಂದಲೇ ಗಳಿಸುವವರೋ ಎಂದು ನೀವೇ ಯೋಚಿಸಿ. ಇಲ್ಲಿಯೂ ಕೇಳಬೇಕಾದದ್ದು ಅದೇ ಪ್ರಶ್ನೆ: ಈ ಲಾಭ ಎಲ್ಲಿಂದ ಬರುತ್ತದೆ? ಆಪ್ಷನ್ಸಿನಲ್ಲಿ ನಿಮ್ಮ ಲಾಭ ಎದುರಿಗಿರುವವನ ನಷ್ಟ. ಎದುರಿಗಿರುವವನು ದೊಡ್ಡ ಯಂತ್ರ, ದೊಡ್ಡ ಬಂಡವಾಳ ಇಟ್ಟುಕೊಂಡವನು.

ಇಂಥ ಆಮಿಷಗಳಿಗೆ ಬಲಿಯಾಗದಂತೆ ಕಾಯುವ ಕಾನೂನುಗಳೂ ನಿಮ್ಮ ಪಾಠದಲ್ಲಿವೆ. 1997ರ ತಿದ್ದುಪಡಿಯ ನಂತರ ಖಾಸಗಿ ಹಣಕಾಸು ಕಂಪನಿಗಳು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯವಾಯಿತು. ನಮ್ಮ ಮಾವನವರಿಗೆ ಅದು ತಡವಾಯಿತು, ಬೇರೆಯವರಿಗೆ ಉಪಕಾರವಾಯಿತು. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ವಿಮೆಯ ಹಣ ಸಿಗುವ ವ್ಯವಸ್ಥೆ 1962ರಿಂದ ಇದೆ. ಅದರ ಮಿತಿ 1993ರಿಂದ 1 ಲಕ್ಷ ಇದ್ದದ್ದು 2020ರ ಫೆಬ್ರವರಿಯಲ್ಲಿ 5 ಲಕ್ಷವಾಯಿತು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಕಂಪನಿಗಳಲ್ಲಿ ಇಡುವ ಠೇವಣಿಗೆ ಇಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ.

ಕೆಲವು ಭಯಗಳು, ಕೆಲವು ಸಲಹೆಗಳು

"ನನಗೆ ಗಣಿತ ಬರುವುದಿಲ್ಲ ಆಂಟಿ" ಎನ್ನುವವರಿಗೆ ಒಂದು ಮಾತು. ಈ ಪದವಿಗೆ ಬೇಕಾದದ್ದು ಶೇಕಡಾ, ಚಕ್ರಬಡ್ಡಿ, ಸ್ವಲ್ಪ ಸಂಖ್ಯಾಶಾಸ್ತ್ರ ಮತ್ತು ಬಹಳ ತಾಳ್ಮೆ. ಅಂಕಿಗಳ ಹಿಂದಿನ ಕಥೆ ಓದುವ ಕುತೂಹಲ ಇದ್ದರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ. ಬರೆಯಲು, ಮಾತಾಡಲು ಬರುವವರಿಗೆ ಇಲ್ಲಿ ಬೆಲೆ ಇದೆ. ಲೆಕ್ಕ ಮಾಡಬಲ್ಲವರು ಬಹಳ, ಮಾಡಿದ ಲೆಕ್ಕವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲವರು ಕಡಿಮೆ.

ಪ್ರತಿ ಸೆಮಿಸ್ಟರಿನಲ್ಲಿ ಒಂದು ಕಂಪನಿಯ ವಾರ್ಷಿಕ ವರದಿ ಓದಿ. ನೀವು ದಿನವೂ ಬಳಸುವ ಸಾಬೂನು, ಬಿಸ್ಕತ್ತು ಮಾಡುವ ಕಂಪನಿಯದ್ದೇ ಆಗಲಿ. ಲಾಭದ ಪುಟದಷ್ಟೇ ಗಮನ ನಗದಿನ ಪುಟಕ್ಕೂ ಕೊಡಿ. ಲಾಭ ಇದ್ದೂ ನಗದು ಇಲ್ಲದ ಕಂಪನಿ ಆಂಟೋನಿಯೋನ ಹಾಗೆ. ಎಕ್ಸೆಲ್ ಚೆನ್ನಾಗಿ ಕಲಿಯಿರಿ. ಸೆಬಿ 2006ರಲ್ಲಿ ಸ್ಥಾಪಿಸಿದ ಎನ್.ಐ.ಎಸ್.ಎಂ. ಸಂಸ್ಥೆಯ ಪ್ರಮಾಣಪತ್ರ ಪರೀಕ್ಷೆಗಳನ್ನು ಓದುತ್ತಿರುವಾಗಲೇ ಬರೆಯಬಹುದು. ರಜೆಯಲ್ಲಿ ನಮ್ಮವರೇ ನಡೆಸುವ ಯಾವುದಾದರೂ ಹೊಟೇಲಿನ ಅಥವಾ ಅಂಗಡಿಯ ಲೆಕ್ಕದ ಪುಸ್ತಕವನ್ನು ಒಂದು ತಿಂಗಳು ಬರೆದುಕೊಡಿ. ಪುಸ್ತಕದಲ್ಲಿ ಓದಿದ ಸಾಲಗಾರ, ಸರಕು, ಸವಕಳಿ ಎಲ್ಲ ಅಲ್ಲಿ ಕಣ್ಣಮುಂದೆ ಓಡಾಡುತ್ತವೆ.

ಹುಡುಗಿಯರಿಗೆ ಮುಖ್ಯವಾಗಿ ಒಂದು ಮಾತು. ನಮ್ಮ ಪೀಳಿಗೆಯ ಎಷ್ಟೋ ಹೆಂಗಸರು ಪಾಸ್‌ಬುಕ್ಕು ಎಲ್ಲಿದೆ ಎಂದು ತಿಳಿದದ್ದು ಯಜಮಾನರು ತೀರಿಕೊಂಡ ಮೇಲೆ. ಯಾವ ಪಾಲಿಸಿ, ಯಾರು ನಾಮಿನಿ, ಎಷ್ಟು ಸಾಲ ಎಂದು ಗೊತ್ತಿಲ್ಲದೆ ಕಣ್ಣೀರಿನ ಜೊತೆಗೆ ಕಾಗದ ಹುಡುಕಿದ್ದಾರೆ. ನಿಮ್ಮ ಕಾಲಕ್ಕೆ ಅದು ಮುಗಿಯಲಿ. ನೀವು ಈ ಪದವಿ ಓದಿ ಉದ್ಯೋಗ ಮಾಡಿದರೂ ಸರಿ, ನನ್ನಂತೆ ಮನೆಯಲ್ಲಿದ್ದರೂ ಸರಿ, ಓದಿದ್ದು ವ್ಯರ್ಥವಾಗುವುದಿಲ್ಲ.

ಕೊನೆಯ ಪರೀಕ್ಷೆ

ಮಾವನವರು ತೀರಿಕೊಂಡು ಬಹಳ ವರ್ಷಗಳಾದವು. ಅತ್ತೆಯವರು ನಮ್ಮ ಜೊತೆಗಿದ್ದಾರೆ. ಕಳೆದ ವರ್ಷ ಅವರ ಒಂದು ಬ್ಯಾಂಕ್ ಠೇವಣಿಯ ಅವಧಿ ಮುಗಿದಾಗ ಮಗಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ ವಿವರಿಸಿದಳು. ಎಲ್ಲಿ ಇಟ್ಟರೆ ಎಷ್ಟು, ಯಾವುದಕ್ಕೆ ವಿಮೆ ಇದೆ, ತುರ್ತಿಗೆ ಬೇಕಾದರೆ ಎಷ್ಟು ಕಡಿತವಾಗುತ್ತದೆ ಎಂದೆಲ್ಲ. ಇಂಗ್ಲಿಷಿನಲ್ಲಿ ಸರಾಗವಾಗಿ ಬರುವ ಮಾತಿಗೆ ಕನ್ನಡದಲ್ಲಿ ತಡವರಿಸುತ್ತಿದ್ದಳು. ತಡವರಿಸಿದಲ್ಲೆಲ್ಲ ನಿಂತು, "ತಡೆ ಅಜ್ಜಿ, ಸರಿಯಾಗಿ ಹೇಳ್ತೇನೆ" ಎಂದು ಮತ್ತೆ ಯೋಚಿಸುತ್ತಿದ್ದಳು. ಕೊನೆಗೆ ಅಜ್ಜಿ ಕೇಳಿದರು: "ಅವರು ನನಗೆ ಇಷ್ಟು ಬಡ್ಡಿ ಎಲ್ಲಿಂದ ತಂದು ಕೊಡ್ತಾರೆ ಮಗಾ?"

ಮಗಳು ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿಯ ಕೈ ಹಿಡಿದು, ಬ್ಯಾಂಕು ಆ ಹಣವನ್ನು ಯಾರಿಗೆ ಸಾಲ ಕೊಡುತ್ತದೆ, ಅವರು ಹೇಗೆ ತೀರಿಸುತ್ತಾರೆ, ತೀರಿಸದಿದ್ದರೆ ಏನು ಎಂದು ಮೊದಲಿನಿಂದ ಹೇಳಿದಳು. ನಾನು ಒಳಗೆ ಹೋಗಿ ಚಹಾ ಇಟ್ಟೆ.

ಮಿತ್ರರೇ, ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಬರೆಯಿರಿ, ಒಳ್ಳೆಯ ಅಂಕ ತೆಗೆಯಿರಿ, ಒಳ್ಳೆಯ ಸಂಬಳವೂ ಸಿಗಲಿ. ಆದರೆ ಇನ್ನೊಂದು ಪರೀಕ್ಷೆಯನ್ನೂ ಇಟ್ಟುಕೊಳ್ಳಿ. 'ಅನ್‌ಸೆಕ್ಯೂರ್ಡ್' ಎಂದರೇನು ಎಂದು ನಿಮ್ಮ ಅಜ್ಜಿಗೆ ಮನೆಮಾತಿನಲ್ಲಿ ಹೇಳಿ ನೋಡಿ. ನನ್ನ ಹಾಗೆ ಶಬ್ದಕ್ಕೆ ಶಬ್ದ ಇಟ್ಟು ಹೇಳಿದರೆ ಸಾಲದು. ಅಜ್ಜಿ ಕೇಳಿಸಿಕೊಂಡು, "ಹಾಗಾದರೆ ಅದು ನಮಗೆ ಬೇಡ" ಎಂದೋ, "ಅಷ್ಟಕ್ಕೆ ಅಡ್ಡಿಯಿಲ್ಲ, ಸ್ವಲ್ಪ ಇಡುವಾ" ಎಂದೋ ತಾನೇ ನಿರ್ಧರಿಸುವ ಹಾಗೆ ಹೇಳಬೇಕು. ಅಷ್ಟಾದರೆ ನಿಮ್ಮ ಪದವಿ ಸಾರ್ಥಕವಾಯಿತು ಎಂದೇ ತಿಳಿಯಿರಿ.

ನಿಮಗೆಲ್ಲ ಶುಭವಾಗಲಿ.